ಮೊದಲು ನೀರು, ಆಮೇಲೆ ಮಾಸ್ಕ್: ಸಣ್ಣ ಗಣಿಗಳಲ್ಲಿ ದುಡಿಯುವ ಹೆಂಗಸರಿಗೆ ಯಾವ ಸಲಕರಣೆ ಕೊಡಬೇಕು?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಕೈಯಿಂದಲೇ ಚಿನ್ನದ ಅದಿರು ತೆಗೆದು ಪುಡಿ ಮಾಡುವ ಒಂದು ಜಾಗದಲ್ಲಿ ಸುಮಾರು 60 ಹೆಂಗಸರು ಕೆಲಸ ಮಾಡುತ್ತಾರೆ. ಅವರಿಗೆ ಸುರಕ್ಷಾ ಸಲಕರಣೆ ಕೊಡಿಸಲು ಸ್ವಲ್ಪ ಹಣ ಸಿಕ್ಕಿದೆ. ಹೆಲ್ಮೆಟ್, ಬೂಟು, ಮಾಸ್ಕ್, ಗ್ಲೌಸ್ ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಕಿಟ್ ಹಂಚೋಣ ಎಂದುಕೊಂಡಿದ್ದೇವೆ. ಆದರೆ ಹಿಂದೆ ಬೇರೆಯವರು ಹಂಚಿದ ಕಿಟ್‌ಗಳು ಮೂಲೆ ಸೇರಿವೆ, ಕೆಲವನ್ನು ಮಾರಿಯೂ ಆಗಿದೆ. ಏನು ಕೊಂಡರೆ ನಿಜವಾಗಿ ಉಪಯೋಗ ಆಗುತ್ತದೆ? ಇವರಲ್ಲಿ ಕೆಲವರು ಗರ್ಭಿಣಿಯರು, ಕೆಲವರು ಚಿಕ್ಕ ಮಕ್ಕಳನ್ನು ಜೊತೆಗೇ ಕರೆತರುತ್ತಾರೆ.

ಉತ್ತರ: ಆರ್ಡರ್ ಇನ್ನೂ ಕೊಟ್ಟಿಲ್ಲ ಅಂದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಗರ್ಭಿಣಿಯರೂ ಮಕ್ಕಳೂ ಇರುವ ಜಾಗದಲ್ಲಿ ಖರ್ಚನ್ನು ಹೆಲ್ಮೆಟ್‌ನಿಂದ ಶುರು ಮಾಡುವುದು ಸರಿಯಲ್ಲ.

ಹಳೆಯ ಕಿಟ್‌ಗಳು ಮೂಲೆ ಸೇರಿದ್ದಕ್ಕೆ ಆ ಹೆಂಗಸರನ್ನು ದೂರಬೇಡಿ. ಅವು ಸಾಮಾನ್ಯವಾಗಿ ಸುರಂಗಕ್ಕೆ ಇಳಿಯುವ ಗಂಡಸನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಜೋಡಿಸಿದ ಕಿಟ್‌ಗಳು. ಸಣ್ಣ ಗಣಿಗಳಲ್ಲಿ ಹೆಚ್ಚಿನ ಹೆಂಗಸರು ಸುರಂಗಕ್ಕೆ ಇಳಿಯುವುದಿಲ್ಲ. ಗುಂಡಿಯಿಂದ ಮೇಲೆ ಬಂದ ಕಲ್ಲನ್ನು ಸುತ್ತಿಗೆಯಿಂದ ಒಡೆಯುವುದು, ಒರಳಿನಲ್ಲಿ ಕುಟ್ಟುವುದು, ಜರಡಿ ಹಿಡಿಯುವುದು, ತೊಳೆಯುವುದು, ಮೂಟೆ ಹೊರುವುದು, ನೀರು ತರುವುದು, ಕೊನೆಗೆ ಪಾದರಸ ಹಾಕಿ ಚಿನ್ನ ಹಿಡಿಯುವುದು ಅವರ ಪಾಲಿನ ಕೆಲಸಗಳು. ಬೊಲಿವಿಯಾದಲ್ಲಿ ಗಣಿ ತ್ಯಾಜ್ಯದ ಗುಡ್ಡೆಯಿಂದ ಅದಿರು ಆರಿಸುವ ಹೆಂಗಸರನ್ನು ಪಾಲಿರಿ ಎನ್ನುತ್ತಾರೆ, ಪೆರುವಿನಲ್ಲಿ ಪಾಲಾಕೆರಾ ಎನ್ನುತ್ತಾರೆ. ಅಲ್ಲಿ ಹೆಂಗಸು ಸುರಂಗಕ್ಕೆ ಕಾಲಿಟ್ಟರೆ ಅದಿರು ಮಾಯವಾಗುತ್ತದೆ ಎಂಬ ನಂಬಿಕೆಯೇ ಇತ್ತು. ಅವರಿಗೆ ಉಳಿದದ್ದು ಮೇಲಿನ ಕೆಲಸ. ದೂಳೂ ಪಾದರಸವೂ ಜಾಸ್ತಿ ಇರುವುದು ಈ ಮೇಲಿನ ಕೆಲಸದಲ್ಲೇ.

ಇದು ಸಣ್ಣ ಸಂಖ್ಯೆಯ ಜನರ ವಿಷಯವಲ್ಲ. ವಿಶ್ವ ಬ್ಯಾಂಕಿನ 2020ರ ವರದಿಯ ಅಂದಾಜಿನಂತೆ 80 ದೇಶಗಳಲ್ಲಿ ಸುಮಾರು 4.5 ಕೋಟಿ ಜನ ಕೈಗಣಿಗಾರಿಕೆ ಮತ್ತು ಸಣ್ಣ ಗಣಿಗಾರಿಕೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೆಂಗಸರು. ಆದರೂ ಗಣಿ ಅಪಘಾತ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗುಂಡಿ ಕುಸಿತ. ಅದು ಒಂದೇ ದಿನದಲ್ಲಿ ಆಗುತ್ತದೆ, ಸುದ್ದಿಯಾಗುತ್ತದೆ. ಪುಡಿ ಮಾಡುವವಳ ಶ್ವಾಸಕೋಶ ಹತ್ತು ವರ್ಷ ತೆಗೆದುಕೊಂಡು ಹಾಳಾಗುತ್ತದೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ಇಡೀ ದಿನ ಅಲ್ಲಿ ಕೂತು ನೋಡುವುದು. ಯಾರು ಏನು ಮಾಡುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ, ದೂಳು ಎಲ್ಲಿಂದ ಏಳುತ್ತದೆ, ಗಾಳಿ ಯಾವ ಕಡೆಗೆ ಬೀಸುತ್ತದೆ, ಚಿನ್ನ ಹಿಡಿದ ಪಾದರಸದ ಮುದ್ದೆಯನ್ನು ಎಲ್ಲಿ ಸುಡುತ್ತಾರೆ, ಅಡುಗೆ ಎಲ್ಲಿ ಆಗುತ್ತದೆ, ಮಗು ಎಲ್ಲಿ ಮಲಗಿರುತ್ತದೆ, ಎಲ್ಲವನ್ನೂ ಬರೆದುಕೊಳ್ಳಿ. ಹೆಂಗಸರ ಜೊತೆ ಬೇರೆಯಾಗಿ ಮಾತಾಡಿ. ಗುಂಡಿಯ ಮಾಲೀಕ ಅಥವಾ ಮೇಸ್ತ್ರಿ ಎದುರಿಗಿದ್ದರೆ ‘ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರವೇ ಸಿಗುತ್ತದೆ. ಹಳೆಯ ಕಿಟ್ ಯಾಕೆ ಬಳಸಲಿಲ್ಲ ಎಂದು ಕೇಳಿ, ಆದರೆ ತಪ್ಪು ಹುಡುಕುವ ದನಿಯಲ್ಲಿ ಬೇಡ. ಬೂಟು ದೊಡ್ಡದಾಗಿತ್ತು, ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತಿತ್ತು, ಮಗಳ ಫೀಸಿಗೆ ದುಡ್ಡು ಬೇಕಿತ್ತು ಎಂಬಂಥ ಉತ್ತರ ಬಂದರೆ, ಅದೇ ನಿಮ್ಮ ಖರೀದಿ ಪಟ್ಟಿಗೆ ದಾರಿ ತೋರಿಸುತ್ತದೆ.

ಈಗ ದೂಳಿನ ವಿಷಯ. ಚಿನ್ನ ಬಹಳಷ್ಟು ಕಡೆ ಬೆಣಚುಕಲ್ಲಿನಲ್ಲಿ ಇರುತ್ತದೆ. ಬೆಣಚುಕಲ್ಲು ಎಂದರೆ ಸಿಲಿಕಾ. ಒಣ ಕಲ್ಲನ್ನು ಕುಟ್ಟಿದಾಗ ಕಣ್ಣಿಗೆ ಕಾಣುವ ದೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಅಪಾಯ ಇರುವುದು ಕಾಣದ ಕಣಗಳಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 10 ಮೈಕ್ರಾನ್‌ಗಿಂತ ಸಣ್ಣವು. ಅಲ್ಲಿ ಕೂತ ಸಿಲಿಕಾ ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ, ಉಸಿರಾಟದ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಸಿಲಿಕಾ ದೂಳು ಕುಡಿದವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ. ಮುಖಕ್ಕೆ ಕಟ್ಟಿಕೊಂಡ ಬಟ್ಟೆ ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಬಟ್ಟೆ ಕಟ್ಟಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಇನ್ನೂ ಹೆಚ್ಚು ಹೊತ್ತು ದೂಳಿನಲ್ಲಿ ಕೂರುವುದುಂಟು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಲಕರಣೆ ನೀರು. ಒದ್ದೆಯಾದ ಕಲ್ಲಿನಿಂದ ದೂಳು ಏಳುವುದು ತುಂಬಾ ಕಡಿಮೆ. ಸುತ್ತಿಗೆ ಏಟು ಹಾಕುವ ಮುಂಚೆ ಅದಿರನ್ನು ನೆನೆಸುವುದು, ಒರಳಿಗೆ ನೀರು ಹಾಕಿ ಕುಟ್ಟುವುದು, ಯಂತ್ರವಿದ್ದರೆ ಅದರ ಬಾಯಿಗೆ ನೀರಿನ ಸ್ಪ್ರೇ ಕೂರಿಸುವುದು. ಕೇಳಲು ಸುಲಭ. ಆದರೆ ಇಲ್ಲಿ ಎರಡು ತೊಡಕುಗಳಿವೆ, ಹೆಚ್ಚಿನ ಯೋಜನೆಗಳು ಇಲ್ಲೇ ಎಡವುತ್ತವೆ.

ಮೊದಲನೆಯದು, ಆ ನೀರು ಹೊರುವವರು ಯಾರು? ಇದೇ ಹೆಂಗಸರು. ನೀರಿನ ವ್ಯವಸ್ಥೆ ಮಾಡದೆ ‘ನೀರು ಹಾಕಿ ಕುಟ್ಟಿ’ ಎಂದು ಹೇಳಿದರೆ ಅವರ ತಲೆಯ ಮೇಲೆ ಇನ್ನೂ ನಾಲ್ಕು ಕೊಡ ಹೊರಿಸಿದಂತೆ. ಕೂಲಿ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಒಂದು ಸಣ್ಣ ಪಂಪ್, ಪೈಪು, ಎರಡು ಮೂರು ಡ್ರಮ್ಮು, ಬಳಸಿದ ನೀರು ತಿಳಿಯಾಗಿ ಮತ್ತೆ ಸಿಗುವಂತೆ ಒಂದರ ಪಕ್ಕ ಒಂದು ತೊಟ್ಟಿ, ಇವೆಲ್ಲ ನಿಮ್ಮ ಪಟ್ಟಿಯಲ್ಲಿ ಮಾಸ್ಕ್‌ಗಿಂತ ಮೇಲೆ ಇರಬೇಕು. ಎರಡನೆಯದು, ಒದ್ದೆ ಪುಡಿ ಒಣ ಜರಡಿಯಲ್ಲಿ ಇಳಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಕುಟ್ಟುವುದನ್ನು ಮಾತ್ರ ಬದಲಾಯಿಸಿ ಮುಂದಿನ ಕೆಲಸವನ್ನು ಹಾಗೇ ಬಿಟ್ಟರೆ ಒಂದೇ ವಾರದಲ್ಲಿ ಎಲ್ಲರೂ ಒಣ ಪದ್ಧತಿಗೆ ವಾಪಸ್. ಜರಡಿಯನ್ನೂ ನೀರಿನಲ್ಲೇ ಹಿಡಿಯಬೇಕು, ಅಲ್ಲಿಂದ ಕೆಸರು ನೇರವಾಗಿ ತೊಳೆಯುವ ಇಳಿಜಾರು ದೋಣಿಗೆ, ಅಂದರೆ ಭಾರದ ಚಿನ್ನ ತಳದಲ್ಲಿ ನಿಂತು ಉಳಿದದ್ದು ಹರಿದುಹೋಗುವ ಉದ್ದನೆಯ ತೊಟ್ಟಿಗೆ, ಹರಿಯಬೇಕು. ಕಲ್ಲು ಬಂದಲ್ಲಿಂದ ಚಿನ್ನ ಸಿಗುವವರೆಗೆ ಇಡೀ ಸಾಲನ್ನು ಒಟ್ಟಿಗೆ ಯೋಚಿಸಬೇಕು.

ನೀರು ತೀರಾ ಕಡಿಮೆ ಇರುವ ಕಡೆ ಪೂರ್ತಿ ಒದ್ದೆ ಪದ್ಧತಿ ಆಗದು. ಆಗ ದೂಳೇಳುವ ಕಡೆ ಮುಚ್ಚಳ, ಯಂತ್ರದ ಸುತ್ತ ಪರದೆ, ಕೂರುವ ಜಾಗ ಗಾಳಿ ಬರುವ ದಿಕ್ಕಿಗೆ, ಮತ್ತು ದೂರ. ಒಣ ಕೆಲಸದ ಜಾಗವನ್ನು ಬೇರೆ ಕೆಲಸಗಳಿಂದ ಬೇರ್ಪಡಿಸಿದರೆ ಉಳಿದವರಾದರೂ ಉಳಿಯುತ್ತಾರೆ. ಆ ಒಣ ಕೆಲಸ ಮಾಡುವವರಿಗೆ ಮಾತ್ರ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ದೂಳಿನ ವಿಷಯದಲ್ಲಿ ನೈಜೀರಿಯಾದ ಝಂಫಾರಾ ರಾಜ್ಯವನ್ನು ನೆನಪಿಸದೆ ಮುಂದೆ ಹೋಗಲಾರೆ. 2010ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳು ಸಾಯತೊಡಗಿದರು. ಚಿನ್ನದ ಅದಿರಿನಲ್ಲಿ ಸೀಸ ತುಂಬಾ ಇತ್ತು. ಆ ಅದಿರನ್ನು ಮನೆ ಅಂಗಳದಲ್ಲಿ ಒಡೆಯುತ್ತಿದ್ದರು, ಹಿಟ್ಟಿನ ಗಿರಣಿಯಂಥ ಯಂತ್ರದಲ್ಲಿ ಪುಡಿ ಮಾಡುತ್ತಿದ್ದರು. ಮನೆಯಿಂದ ಆಚೆ ಹೋಗಿ ದುಡಿಯಲಾಗದ ಹೆಂಗಸರಿಗೆ ಅದೇ ಸಂಪಾದನೆ. ದೂಳು ನೆಲದ ಮೇಲೆ, ಪಾತ್ರೆಗಳ ಮೇಲೆ, ಮಕ್ಕಳ ಕೈ ಮೇಲೆ ಕೂತಿತು. 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ತಾಯಂದಿರಿಗೆ ಒಳ್ಳೆಯ ಮಾಸ್ಕ್ ಕೊಟ್ಟಿದ್ದರೂ ಮಕ್ಕಳು ಉಳಿಯುತ್ತಿರಲಿಲ್ಲ. ಪುಡಿ ಮಾಡುವ ಕೆಲಸ ಮನೆಯಿಂದ ಆಚೆ ಹೋಗಬೇಕಿತ್ತು, ಒದ್ದೆಯಾಗಿ ನಡೆಯಬೇಕಿತ್ತು, ಮನೆಗೆ ಬರುವ ಮುಂಚೆ ಕೈಕಾಲು ತೊಳೆದು ಬಟ್ಟೆ ಬದಲಿಸಬೇಕಿತ್ತು. ನಿಮ್ಮ ಜಾಗದ ಅದಿರಿನಲ್ಲಿ ಸೀಸ, ಆರ್ಸೆನಿಕ್ ಎಷ್ಟಿದೆ ಎಂದು ಒಂದು ಸಲ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆ ಖರ್ಚನ್ನು ಉಳಿಸಬೇಡಿ.

ಇನ್ನು ಪಾದರಸ. ಪುಡಿ ಮಾಡಿದ ಅದಿರಿಗೆ ಪಾದರಸ ಬೆರೆಸಿದರೆ ಅದು ಚಿನ್ನದ ಕಣಗಳನ್ನು ಹಿಡಿದುಕೊಂಡು ಮುದ್ದೆಯಾಗುತ್ತದೆ. ಹಿಂಡಿದ ಮೇಲೂ ಆ ಮುದ್ದೆಯಲ್ಲಿ ಸುಮಾರು ಅರ್ಧ ಪಾದರಸವೇ ಇರುತ್ತದೆ. ಅದನ್ನು ಬೆಂಕಿಗೆ ಹಿಡಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ತೆರೆದ ಡಬ್ಬಿಯಿಂದ ಮಾಮೂಲಿ ಬಿಸಿಲಿಗೂ ಅದು ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಈ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದ ಆವಿಯಲ್ಲಿ ಸುಮಾರು 80 ಶೇಕಡಾ ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳಿಗೆ, ಮೂತ್ರಪಿಂಡಕ್ಕೆ. ಗರ್ಭಿಣಿಯಾದರೆ ಮಾಸು ದಾಟಿ ಮಗುವಿಗೆ. ಆಗ ತಾನೇ ರೂಪುಗೊಳ್ಳುತ್ತಿರುವ ಮಿದುಳಿಗೆ ಪಾದರಸದಷ್ಟು ಕೆಟ್ಟದ್ದು ಕಡಿಮೆ. ಎದೆಹಾಲಿನಲ್ಲೂ ಅದು ಬರುತ್ತದೆ.

ಜಗತ್ತಿನಲ್ಲಿ ಮನುಷ್ಯರ ಕೆಲಸದಿಂದ ಗಾಳಿಗೆ ಸೇರುವ ಪಾದರಸಕ್ಕೆ ಅತಿ ದೊಡ್ಡ ಮೂಲ ಕಲ್ಲಿದ್ದಲು ಎಂದು ಹಲವರು ಅಂದುಕೊಂಡಿದ್ದಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ ಮೊದಲ ಸ್ಥಾನ ಸಣ್ಣ ಚಿನ್ನದ ಗಣಿಗಳದ್ದು, 2015ರಲ್ಲಿ ಸುಮಾರು 38 ಶೇಕಡಾ. 2013ರಲ್ಲಿ ಜಪಾನಿನಲ್ಲಿ ಒಪ್ಪಿಗೆಯಾಗಿ 2017ರಲ್ಲಿ ಜಾರಿಗೆ ಬಂದ, ಪಾದರಸದ ಬಗೆಗಿನ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ನಾಲ್ಕು ಕೆಟ್ಟ ಪದ್ಧತಿಗಳನ್ನು ಹೆಸರಿಸಿ ನಿಲ್ಲಿಸಬೇಕು ಎನ್ನುತ್ತದೆ: ಇಡೀ ಅದಿರಿಗೆ ಪಾದರಸ ಸುರಿಯುವುದು, ಮುದ್ದೆಯನ್ನು ತೆರೆದು ಸುಡುವುದು, ಜನವಸತಿಯಲ್ಲಿ ಸುಡುವುದು, ಪಾದರಸ ಬೆರೆತ ಮಣ್ಣನ್ನು ಹಾಗೇ, ಉಳಿದ ಚಿನ್ನ ಕರಗಿಸಿ ತೆಗೆಯಲು, ಸಯನೈಡ್‌ಗೆ ಹಾಕುವುದು. ಮಕ್ಕಳನ್ನು, ಹೆರುವ ವಯಸ್ಸಿನ ಹೆಂಗಸರನ್ನು, ಅದರಲ್ಲೂ ಗರ್ಭಿಣಿಯರನ್ನು ಕಾಪಾಡುವ ಯೋಜನೆ ಇರಬೇಕು ಎಂದೂ ಅದು ಹೇಳುತ್ತದೆ. ನಿಮ್ಮ ದೇಶ ಸಹಿ ಹಾಕಿದ್ದರೆ ಅಧಿಕಾರಿಗಳ ಜೊತೆ ಮಾತಾಡಲು ಈ ಪಟ್ಟಿ ಕೈಯಲ್ಲಿರಲಿ.

ಸಲಕರಣೆಯ ಮಾತಿಗೆ ಬಂದರೆ, ನೀವು ಕೊಳ್ಳಬೇಕಾದದ್ದು ರಿಟಾರ್ಟ್. ಮುಚ್ಚಿದ ಒಂದು ಪಾತ್ರೆ, ಅದರಿಂದ ಹೊರಡುವ ಒಂದು ಪೈಪು. ಮುದ್ದೆಯನ್ನು ಒಳಗಿಟ್ಟು ಕಾಯಿಸಿದರೆ ಪಾದರಸದ ಆವಿ ಪೈಪಿನಲ್ಲಿ ಹೋಗಿ ತಣ್ಣಗಾಗಿ ಮತ್ತೆ ಪಾದರಸವಾಗಿ ತೊಟ್ಟಿಕ್ಕುತ್ತದೆ. ಸರಿಯಾಗಿ ಮಾಡಿದ, ಸರಿಯಾಗಿ ಬಳಸಿದ ರಿಟಾರ್ಟ್ 95 ಶೇಕಡಾದವರೆಗೂ ಪಾದರಸ ವಾಪಸ್ ಕೊಡುತ್ತದೆ. ದಶಕಗಳಿಂದ ಜಗತ್ತಿನ ಹಲವು ಕಡೆ ಇದನ್ನು ಹಂಚಿದ್ದಾರೆ. ತುಂಬಾ ಕಡೆ ಅದು ಬಳಕೆಯಾಗದೆ ಬಿದ್ದಿದೆ. ಕಾರಣಗಳು ಸಣ್ಣವಲ್ಲ. ಕಬ್ಬಿಣದ ಪಾತ್ರೆಯೊಳಗೆ ತನ್ನ ಚಿನ್ನ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಇಡೀ ದಿನದ ದುಡಿಮೆ ಅದರೊಳಗಿದೆ, ಯಾರೋ ಕದ್ದರೆ? ತೆರೆದು ಸುಟ್ಟರೆ ಕೆಲವೇ ನಿಮಿಷ, ಇದರಲ್ಲಿ ಜಾಸ್ತಿ ಹೊತ್ತು ಬೇಕು, ಉರುವಲು ಬೇಕು. ಚಿನ್ನಕ್ಕೆ ಕಪ್ಪು ಬಣ್ಣ ಹಿಡಿದು ಬಂದರೆ ಕೊಳ್ಳುವವನು ಬೆಲೆ ಇಳಿಸುತ್ತಾನೆ. ಈ ಅನುಮಾನಗಳನ್ನು ಅಜ್ಞಾನ ಎನ್ನಬೇಡಿ. ದಿನಗೂಲಿಯವರ ಲೆಕ್ಕಾಚಾರ ಅದು, ಸರಿಯಾಗಿಯೇ ಇದೆ.

ಅದಕ್ಕೆ ತಕ್ಕ ಹಾಗೆ ಕೊಡಿ. ಒಬ್ಬೊಬ್ಬರಿಗೆ ಒಂದು ರಿಟಾರ್ಟ್ ಬೇಡ, ಎಲ್ಲರಿಗೂ ಸೇರಿ ಎರಡೋ ಮೂರೋ ಸಾಕು. ಮನೆಗಳಿಂದ ದೂರ, ಗಾಳಿ ಆಡುವ ಒಂದು ಚಪ್ಪರದ ಕೆಳಗೆ ಅವು ಇರಲಿ. ಗಾಜಿನ ರಿಟಾರ್ಟ್ ಸಿಕ್ಕರೆ ಮೊದಲ ಪ್ರದರ್ಶನ ಅದರಲ್ಲೇ ಮಾಡಿ, ಒಳಗೆ ನಡೆಯುವುದು ಕಣ್ಣಿಗೆ ಕಾಣುತ್ತದೆ. ಹಾಕುವ ಮುಂಚೆ ತೂಕ, ತೆಗೆದ ಮೇಲೆ ತೂಕ, ಎರಡೂ ಎಲ್ಲರ ಎದುರು. ವಾಪಸ್ ಸಿಕ್ಕ ಪಾದರಸವನ್ನೂ ತೂಗಿ, ಅದು ಅವರ ದುಡ್ಡು. ಅದನ್ನು ನೋಡಿದ ಮೇಲೆ ಮಾತು ಸುಲಭವಾಗುತ್ತದೆ.

ಬಳಸುವವರಿಗೆ ಎರಡು ಎಚ್ಚರಿಕೆಯನ್ನು ಬಾಯಿಪಾಠ ಮಾಡಿಸಬೇಕು. ಪಾತ್ರೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬಾರದು. ಬಿಸಿ ಇರುವಾಗ ತೆಗೆದರೆ ಒಳಗೆ ಉಳಿದ ಆವಿ ಮುಖಕ್ಕೇ ಬಡಿಯುತ್ತದೆ. ಪೈಪಿನ ತುದಿಯನ್ನು ನೀರಿನೊಳಗೆ ಆಳವಾಗಿ ಮುಳುಗಿಸಬಾರದು. ಪಾತ್ರೆ ತಣ್ಣಗಾಗುವಾಗ ಅದು ನೀರನ್ನು ಒಳಕ್ಕೆ ಎಳೆದುಕೊಂಡು ಸಿಡಿಯಬಹುದು. ಪೈಪಿಗೆ ಒದ್ದೆ ಬಟ್ಟೆ ಸುತ್ತಿ ತುದಿಯನ್ನು ನೀರಿನ ಮಟ್ಟದಿಂದ ತುಸು ಮೇಲೇ ಇಡುವುದು ವಾಸಿ.

ಅಡುಗೆ ಪಾತ್ರೆಯಲ್ಲಿ ಮುದ್ದೆ ಸುಡುವ, ಪಾದರಸ ಹಿಂಡಿದ ಬಟ್ಟೆಯಲ್ಲೇ ಬೇರೆ ಏನೋ ಒರೆಸುವ ರೂಢಿ ಹಲವು ಕಡೆ ಇದೆ. ಈ ಕೆಲಸಕ್ಕೇ ಬೇರೆ ಪಾತ್ರೆ, ಬೇರೆ ಬಟ್ಟೆ, ಗಟ್ಟಿ ಮುಚ್ಚಳದ ಡಬ್ಬಿ ಕೊಡಿ. ಇವು ಅಗ್ಗದ ಸಾಮಾನುಗಳೇ, ಆದರೆ ಯಾವ ಕಿಟ್‌ನಲ್ಲೂ ನಾನು ನೋಡಿಲ್ಲ.

ಪಾದರಸವನ್ನೇ ಕಡಿಮೆ ಮಾಡುವುದು ಇದಕ್ಕಿಂತ ಮೇಲು. ಇಳಿಜಾರು ದೋಣಿಯಲ್ಲಿ ಒಳ್ಳೆಯ ಹಾಸು ಹಾಕಿ ಚೆನ್ನಾಗಿ ತೊಳೆದರೆ ಒಂದು ಮೂಟೆ ಪುಡಿಯಿಂದ ಚಿನ್ನ ಸೇರಿದ ಒಂದೆರಡು ಬೊಗಸೆ ಭಾರದ ಮರಳು ಉಳಿಯುತ್ತದೆ. ಅದಕ್ಕೆ ಮಾತ್ರ ಪಾದರಸ ಹಾಕಿದರೆ ಸಾಕು. ಫಿಲಿಪ್ಪೀನ್ಸ್‌ನ ಬೆಂಗೆಟ್ ಎಂಬ ಕಡೆ ಸಣ್ಣ ಗಣಿಗಾರರು ಪಾದರಸ ಬಿಟ್ಟು ಬೋರಾಕ್ಸ್ (ಬಿಳಿಗಾರ) ಬಳಸುತ್ತಾರೆ. ಬೋರಾಕ್ಸ್ ಸೇರಿಸಿ ಕಾಯಿಸಿದರೆ ಉಳಿದ ಖನಿಜಗಳು ಬೇಗ ಕರಗುತ್ತವೆ, ಚಿನ್ನ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಇದಕ್ಕೆ ಚಿನ್ನದ ಅಂಶ ಜಾಸ್ತಿ ಇರುವ ಮರಳು ಬೇಕು, ತೀಕ್ಷ್ಣ ಶಾಖ ಬೇಕು. ಎಲ್ಲ ಅದಿರಿಗೂ ಒಗ್ಗುವುದಿಲ್ಲ. ಬೋರಾಕ್ಸ್ ಕೂಡ ನಿರಪಾಯವಲ್ಲ, ಸಂತಾನಶಕ್ತಿಗೂ ಗರ್ಭಕ್ಕೂ ಹಾನಿ ಮಾಡಬಹುದಾದ ವಸ್ತುಗಳ ಪಟ್ಟಿಯಲ್ಲಿ ಯುರೋಪ್ ಅದನ್ನು ಇಟ್ಟಿದೆ. ಗ್ಲೌಸ್ ಹಾಕಿ, ಪುಡಿ ಹಾರದಂತೆ ಬಳಸಬೇಕು, ಗರ್ಭಿಣಿಯರಿಗೆ ಈ ಕೆಲಸವೂ ಬೇಡ. ಹಾಗಿದ್ದೂ ಪಾದರಸಕ್ಕೆ ಹೋಲಿಸಿದರೆ ನಾನು ಇದನ್ನೇ ಆರಿಸುತ್ತೇನೆ. ಬಲ್ಲವರೊಬ್ಬರನ್ನು ಕರೆಸಿ ನಿಮ್ಮ ಅದಿರಿನಲ್ಲಿ ಪರೀಕ್ಷಿಸಿ ನೋಡಿ.

ಒಂದು ವಿಷಯ ಒತ್ತಿ ಹೇಳಬೇಕು. ದೂಳಿಗೆ ಕೊಡುವ ಎನ್‌95 ಮಾಸ್ಕ್ ಪಾದರಸದ ಆವಿಯನ್ನು ಸ್ವಲ್ಪವೂ ತಡೆಯುವುದಿಲ್ಲ. ಅದು ಕಣಗಳಿಗೆ ಮಾಡಿದ್ದು, ಆವಿ ಅದರ ಮೂಲಕ ಸರಾಗವಾಗಿ ಹೋಗುತ್ತದೆ. ಪಾದರಸಕ್ಕೆಂದೇ ಮಾಡಿದ ಕಾರ್ಟ್ರಿಜ್, ಅಂದರೆ ಮಾಸ್ಕ್‌ಗೆ ಸಿಕ್ಕಿಸುವ ಫಿಲ್ಟರ್ ಡಬ್ಬಿ, ಬೇಕು. ಯುರೋಪಿನ ನಿಯಮದಲ್ಲಿ ಅಂಥ ಎಚ್‌ಜಿ-ಪಿ3 ಫಿಲ್ಟರನ್ನು ಒಟ್ಟು 50 ಗಂಟೆಗಿಂತ ಹೆಚ್ಚು ಬಳಸುವಂತಿಲ್ಲ. ಇದನ್ನು 60 ಜನರಿಗೆ ಕೊಂಡು ನಿಭಾಯಿಸಲು ನಿಮ್ಮಿಂದ ಆಗುವುದಿಲ್ಲ. ರಿಟಾರ್ಟ್ ನೋಡಿಕೊಳ್ಳುವ ಇಬ್ಬರು ಮೂವರಿಗೆ ಕೊಡಲು ಆಗುತ್ತದೆ. ಸುಡುವ ಕೆಲಸ ಒಂದೇ ಕಡೆ ಆಗಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಹೊರೆಯ ವಿಷಯವನ್ನು ಯಾರೂ ಸುರಕ್ಷೆ ಎಂದು ಎಣಿಸುವುದೇ ಇಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತಬಹುದಾದ ಗರಿಷ್ಠ ಭಾರ 23 ಕೆಜಿ. ಬ್ರಿಟನ್ನಿನ ಮಾರ್ಗದರ್ಶಿ ಹೆಂಗಸರಿಗೆ, ಸೊಂಟದ ಎತ್ತರದಲ್ಲಿ ಮೈಗೆ ಹತ್ತಿರ ಹಿಡಿದಾಗ, 16 ಕೆಜಿ ಎನ್ನುತ್ತದೆ. ಗಣಿಯಲ್ಲಿ ಮೂಟೆ 50 ಕೆಜಿ ಇರುವುದು ಮಾಮೂಲು, ದಾರಿ ಏರು ಬೇರೆ. ಸೊಂಟ, ಮಂಡಿ ಹೋಗುವುದರ ಜೊತೆಗೆ ಗರ್ಭಕೋಶ ಜಾರುವ ತೊಂದರೆಗೂ ಭಾರದ ಹೊರೆಗೂ ನಂಟಿದೆ. ಇದನ್ನು ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳುವುದು ಅಪರೂಪ. ಗಾಳಿ ತುಂಬಿದ ಟೈರಿನ ಕೈಗಾಡಿ, ಅದು ಓಡುವಷ್ಟು ಸಮ ಮಾಡಿದ ದಾರಿ, ಎರಡು ಕಡೆ ಹಿಡಿ ಇರುವ ಸಣ್ಣ ಚೀಲಗಳು ದೊಡ್ಡ ಬದಲಾವಣೆ ತರುತ್ತವೆ. ಆದರೆ ಕೂಲಿ ಮೂಟೆಗೆ ಇಷ್ಟು ಎಂದಿದ್ದರೆ ಸಣ್ಣ ಚೀಲ ಕೊಟ್ಟು ಅವರ ಸಂಪಾದನೆಯನ್ನೇ ಕಡಿಮೆ ಮಾಡಿದಂತಾಗುತ್ತದೆ. ಮೊದಲು ತಕ್ಕಡಿ ತಂದು, ಕೂಲಿಯನ್ನು ತೂಕಕ್ಕೆ ಬದಲಾಯಿಸುವ ಮಾತುಕತೆ ಮುಗಿಸಿ.

ಇಷ್ಟೆಲ್ಲ ಆದ ಮೇಲೆ ಮೈಮೇಲೆ ಹಾಕುವ ಸಾಮಾನು. ನನ್ನ ಪಟ್ಟಿಯಲ್ಲಿ ಮೊದಲು ಕನ್ನಡಕ. ಕಲ್ಲು ಒಡೆಯುವವರ ಕಣ್ಣಿಗೆ ಚೂರು ಬಡಿಯುವುದು ದಿನನಿತ್ಯದ ಮಾತು, ತಡೆಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಪ್ಲಾಸ್ಟಿಕ್ ಕನ್ನಡಕ ಬೆವರಿಗೆ ಮಂಜು ಹಿಡಿಯುತ್ತದೆ, ಆಗ ತೆಗೆದಿಡುತ್ತಾರೆ. ಸಣ್ಣ ಕಣ್ಣಿನ ತಂತಿ ಬಲೆಯ ಕನ್ನಡಕ ಮಂಜು ಹಿಡಿಯುವುದಿಲ್ಲ, ಕಲ್ಲಿನ ಚೂರನ್ನು ತಡೆಯುತ್ತದೆ, ದೂಳನ್ನು ತಡೆಯುವುದಿಲ್ಲ. ಎರಡನ್ನೂ ತಂದು ಕೊಟ್ಟು ಅವರೇ ಆರಿಸಲಿ.

ಮಾಸ್ಕ್ ಮುಖಕ್ಕೆ ಕೂರದಿದ್ದರೆ ದುಡ್ಡು ದಂಡ. ಗಾಳಿ ಸಂದಿಯಿಂದ ಒಳಗೆ ಬರುತ್ತದೆ, ಫಿಲ್ಟರ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಮಾರುಕಟ್ಟೆಯ ‘ಎಲ್ಲರಿಗೂ ಒಂದೇ ಅಳತೆ’ ಎನ್ನುವ ಮಾಸ್ಕ್‌ಗಳು ಬಹುಪಾಲು ಗಂಡಸಿನ ಮುಖದ ಅಳತೆಗೆ ಮಾಡಿದವು. ಶ್ರೀಮಂತ ದೇಶಗಳಲ್ಲೂ ಇದೇ ಗೋಳು. ಕಟ್ಟಡ ಕೆಲಸದಲ್ಲಿ ಕೊಡುವ ರಕ್ಷಣಾ ಸಾಮಾನು ಪ್ರತಿಯೊಬ್ಬರ ಮೈಗೂ ಸರಿಯಾಗಿ ಕೂರಲೇಬೇಕು ಎಂದು ಅಮೆರಿಕ ಸ್ಪಷ್ಟವಾಗಿ ನಿಯಮ ಮಾಡಿದ್ದು 2024ರ ಡಿಸೆಂಬರಿನಲ್ಲಿ. ಸಣ್ಣ ಮತ್ತು ಮಧ್ಯಮ ಅಳತೆಯ, ತಲೆಗೆ ಎರಡು ಪಟ್ಟಿ ಇರುವ ಮಾಸ್ಕ್ ಕೇಳಿ ಪಡೆಯಿರಿ. ಕಿವಿಗೆ ಸಿಕ್ಕಿಸುವ ದಾರದವು ಬಿಗಿಯಾಗಿ ಕೂರುವುದಿಲ್ಲ. ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟು, ಅಂಚಿನಲ್ಲಿ ಗಾಳಿ ಸೋರುತ್ತದೆಯೇ ಎಂದು ಕೈಯಿಂದ ನೋಡಿಕೊಳ್ಳಲು ಕಲಿಸಿ.

ಗ್ಲೌಸ್ ದೊಡ್ಡದಾದರೆ ಹಿಡಿತ ತಪ್ಪಿ ಸುತ್ತಿಗೆ ಬೆರಳಿಗೇ ಬೀಳುತ್ತದೆ. ತಿರುಗುವ ಬೆಲ್ಟು, ಗಿರಣಿಯ ಹತ್ತಿರ ಗ್ಲೌಸ್ ಹಾಕಲೇಬಾರದು, ಅದು ಕೈಯನ್ನು ಒಳಕ್ಕೆ ಎಳೆಯುತ್ತದೆ. ಸಡಿಲ ಬಟ್ಟೆ, ಜಡೆ ಕೂಡ ಹಾಗೇ. ಅಲ್ಲಿ ಬೇಕಾದದ್ದು ಬೆಲ್ಟಿಗೆ ಕಬ್ಬಿಣದ ಜಾಲರಿ. ಪಾದರಸ ಮುಟ್ಟುವವರಿಗೆ ನೈಟ್ರೈಲ್ ಗ್ಲೌಸ್ ಇರಲಿ. ನೀರಿನಲ್ಲಿ ನಿಂತು ತೊಳೆಯುವವರಿಗೆ ಅವರವರ ಕಾಲಿನ ಅಳತೆಯ ಗಮ್ ಬೂಟು. ಮೈ ಪೂರ್ತಿ ಮುಚ್ಚುವ ಒಂದೇ ತುಂಡಿನ ಉಡುಪು ಖಂಡಿತ ಬೇಡ. ಮೂತ್ರಕ್ಕೆ ಹೋಗಲು ಅದನ್ನು ಪೂರ್ತಿ ಬಿಚ್ಚಬೇಕು. ಮರೆ ಇರುವ ಶೌಚಾಲಯವೂ ಇಲ್ಲದ ಕಡೆ ಹೆಂಗಸರು ಏನು ಮಾಡುತ್ತಾರೆ ಗೊತ್ತಲ್ವಾ? ಇಡೀ ದಿನ ನೀರೇ ಕುಡಿಯುವುದಿಲ್ಲ. ಬಿಸಿಲಲ್ಲಿ ಹಾಗೆ ದುಡಿದರೆ ಮೂತ್ರದ ಸೋಂಕು ಖಾತ್ರಿ. ನನ್ನ ಲೆಕ್ಕದಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ ಇರುವ ಶೌಚಾಲಯವೂ ಸುರಕ್ಷಾ ಸಲಕರಣೆಯೇ. ಹೆಲ್ಮೆಟ್ ಗುಂಡಿಯ ಹತ್ತಿರ ಓಡಾಡುವವರಿಗೆ ಬೇಕು, ಉಳಿದವರಿಗೆ ಕೂರಲು ನೆರಳು ಸಾಕು.

ಈಗ ನಾನು ತುಂಬಾ ಮುಖ್ಯ ಎಂದುಕೊಂಡಿರುವ ಮಾತು. ಕೈಯಿಂದ ಕುಟ್ಟುವ ಕಡೆ ಯಂತ್ರ ಬಂದರೆ ಆ ಕೆಲಸ ಗಂಡಸರ ಕೈಗೆ ಹೋಗುತ್ತದೆ. ಬೇರೆ ಬೇರೆ ಖಂಡಗಳಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ದೂಳು ಕಡಿಮೆಯಾಯಿತು ಎಂದು ದಾನ ಕೊಟ್ಟವರು ಖುಷಿಪಡುತ್ತಾರೆ, ಇತ್ತ ಒನಕೆ ಹಿಡಿದು ಮನೆ ನಡೆಸುತ್ತಿದ್ದವಳಿಗೆ ಕೆಲಸವೇ ಇಲ್ಲ. ಆಕೆ ಇದಕ್ಕಿಂತ ಕೆಟ್ಟ ಜಾಗಕ್ಕೆ ಕೆಲಸ ಹುಡುಕಿ ಹೋಗುತ್ತಾಳೆ. ಹಾಗಾಗಿ ಯಂತ್ರ ತರುವ ಮೊದಲು ಅದು ಯಾರದ್ದು ಎಂದು ಕಾಗದದ ಮೇಲೆ ಬರೆಯಿರಿ. ಹೆಂಗಸರ ಗುಂಪಿನ ಹೆಸರಲ್ಲಿ ರಸೀದಿ, ಅವರ ಕೈಯಲ್ಲಿ ಬೀಗದ ಕೈ, ಓಡಿಸಲು ಮತ್ತು ರಿಪೇರಿ ಮಾಡಲು ಅವರಲ್ಲೇ ನಾಲ್ಕು ಜನರಿಗೆ ತರಬೇತಿ. ಬೇರೆಯವರು ಬಳಸಿದರೆ ಗುಂಪಿಗೆ ಬಾಡಿಗೆ. ಆ ಬಾಡಿಗೆಯಿಂದಲೇ ಬೇರಿಂಗ್, ಬೆಲ್ಟು, ಮಾಸ್ಕ್, ಕಾರ್ಟ್ರಿಜ್ ಬರಬೇಕು. ಯಂತ್ರ ನಿಂತಿರುವ ನೆಲದ ಮೇಲೆ ಹಕ್ಕು ಇಲ್ಲದಿದ್ದರೆ ಇದೆಲ್ಲ ಒಂದು ದಿನದಲ್ಲಿ ಕೈತಪ್ಪುತ್ತದೆ, ಆದ್ದರಿಂದ ಜಾಗದ ಒಪ್ಪಂದವೂ ಅವರ ಹೆಸರಲ್ಲೇ ಇರಲಿ. ತಾಂಜಾನಿಯಾದಲ್ಲಿ ಗಣಿಗಾರಿಕೆ ಮಾಡುವ ಹೆಂಗಸರು 1997ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡರು. ನಿಮ್ಮ 60 ಜನಕ್ಕೂ ಒಂದು ಗುಂಪು ಇಲ್ಲದಿದ್ದರೆ, ಮೊದಲ ತಿಂಗಳು ಸಾಮಾನು ಕೊಳ್ಳುವುದನ್ನು ಬಿಟ್ಟು ಗುಂಪು ಕಟ್ಟಲು ಕೊಡಿ.

ಹಣವನ್ನು ಹೇಗೆ ಹಂಚಲಿ ಎಂದರೆ, ಅರ್ಧಕ್ಕಿಂತ ಹೆಚ್ಚು ನೀರು, ತೊಟ್ಟಿ, ತೊಳೆಯುವ ದೋಣಿ, ರಿಟಾರ್ಟ್ ಚಪ್ಪರಕ್ಕೆ ಹೋಗಲಿ. ಕೈಗಾಡಿ, ಶೌಚಾಲಯ, ಕೈ ತೊಳೆಯುವ ಜಾಗ ಆಮೇಲೆ. ಉಳಿದದ್ದರಲ್ಲಿ ಕನ್ನಡಕ, ಮಾಸ್ಕ್, ಬೂಟು. ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಡಿ. ನಾಲ್ಕೈದು ತರಹದ ಮಾದರಿ ತಂದು ಕೆಲವರು ಎರಡು ವಾರ ಹಾಕಿ ನೋಡಲಿ, ಅವರು ಒಪ್ಪಿದ್ದನ್ನು ಉಳಿದವರಿಗೆ ತನ್ನಿ. ಮಾಸ್ಕ್ ಮುಗಿಯುವ ಸಾಮಾನು, ಕನಿಷ್ಠ ಒಂದು ವರ್ಷದ ಬದಲಿ ಈಗಲೇ ಎತ್ತಿಡಿ. ಪಾದರಸವನ್ನು ಮಾತ್ರ, ಯಾರು ಎಷ್ಟೇ ಕೇಳಿದರೂ, ನಿಮ್ಮ ಸಂಸ್ಥೆ ಕೊಂಡು ಕೊಡಬಾರದು.

ಉಪಯೋಗ ಆಗುತ್ತಿದೆಯೇ ಎಂದು ತಿಳಿಯಲು ಹಂಚಿದ ಕಿಟ್‌ಗಳನ್ನು ಎಣಿಸಬೇಡಿ. ಮೂರು ತಿಂಗಳ ಬಳಿಕ ಹೋಗಿ ಕನ್ನಡಕದ ಮೇಲೆ ಗೀರು ಬಿದ್ದಿದೆಯೇ ನೋಡಿ. ಗೀರು ಬಿದ್ದಿದ್ದರೆ ಬಳಕೆಯಲ್ಲಿದೆ ಎಂದರ್ಥ. ರಿಟಾರ್ಟ್‌ನ ತೂಕ ಬರೆದಿಡುವ ಪುಸ್ತಕದಲ್ಲಿ ಪಾದರಸ ಎಷ್ಟು ವಾಪಸ್ ಬಂತು ಎಂದು ನೋಡಿ. ಗಿರಣಿ ಓಡಿಸುತ್ತಿರುವವರು ಯಾರು ಎಂದು ನೋಡಿ.

ಗರ್ಭಿಣಿಯರ ವಿಷಯ ಮಾತ್ರ ಹಣ ಬರುವ ತನಕ ಕಾಯುವಂಥದ್ದಲ್ಲ. ನಾಳೆಯೇ ಹೋಗಿ ಆ ಹೆಂಗಸರ ಜೊತೆ ಕೂತು ಮಾತಾಡಿ. ಗರ್ಭಿಣಿಯರೂ ಎದೆಹಾಲು ಕುಡಿಸುವವರೂ ಪಾದರಸ ಮುಟ್ಟುವುದು, ಸುಡುವ ಜಾಗದ ಹತ್ತಿರ ಕೂರುವುದು ನಿಲ್ಲಬೇಕು. ಅದೇ ಕೂಲಿಗೆ ಅವರಿಗೆ ಬೇರೆ ಕೆಲಸ ಸಿಗಬೇಕು: ತೂಕ ಬರೆಯುವುದು, ಸಾಮಾನು ನೋಡಿಕೊಳ್ಳುವುದು, ಮಕ್ಕಳನ್ನು ನೋಡಿಕೊಳ್ಳುವುದು. ಕೂಲಿ ಕಡಿಮೆಯಾದರೆ ಗರ್ಭವನ್ನು ಮುಚ್ಚಿಟ್ಟು ಮತ್ತೆ ಅಲ್ಲೇ ಕೂರುತ್ತಾರೆ, ಆ ತಪ್ಪು ಅವರದ್ದಲ್ಲ. ಮಕ್ಕಳಿಗೆ ಗಾಳಿ ಬರುವ ದಿಕ್ಕಿನಲ್ಲಿ, ದೂಳಿನಿಂದ ದೂರ ಒಂದು ನೆರಳು ಮಾಡಿ, ಸುತ್ತ ಬೇಲಿ ಹಾಕಿ. ಮುದ್ದೆ ಸುಡುವುದನ್ನು ರಿಟಾರ್ಟ್ ಬರುವ ತನಕ ಸದ್ಯಕ್ಕೆ ಮನೆಗಳಿಂದ, ಒಲೆಯಿಂದ, ಮಕ್ಕಳಿಂದ ದೂರ ಒಯ್ಯಿರಿ. ಕೆಲಸದ ಬಟ್ಟೆ ಕೆಲಸದ ಜಾಗದಲ್ಲೇ ಇರಲಿ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ಮುಖ ತೊಳೆಯಲು ಒಂದು ಬಕೆಟ್ ನೀರು, ಸೋಪು ಇಡಿ. ಕೈ ನಡುಗುವುದು, ಬಾಯಲ್ಲಿ ಕಬ್ಬಿಣದ ರುಚಿ, ನಿದ್ದೆ ಬಾರದಿರುವುದು, ಮರೆವು ಇಂಥದ್ದೇನಾದರೂ ಯಾರಿಗಾದರೂ ಇದ್ದರೆ ವೈದ್ಯರ ಹತ್ತಿರ ಕಳಿಸಿ, ಪಾದರಸದ ಕೆಲಸ ಮಾಡುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಅದು ಗೊತ್ತಿಲ್ಲದೆ ವೈದ್ಯರು ಮೂತ್ರದಲ್ಲಿ ಪಾದರಸದ ಪರೀಕ್ಷೆ ಬರೆದುಕೊಡುವುದಿಲ್ಲ.